ಶ್ರುತಿಸಂಧಾನ

ಧರ್ಮವಿಚಾರದಲ್ಲಿ ವಿದ್ಯಾವಂತರ ಮನೆಗಳಲ್ಲಿ ಆಗಾಗ ತಲೆದೋರುವ ಪ್ರಶ್ನೆಯೊಂದುಂಟು. ಹತ್ತು ಮಂದಿ ಒಂದೇ ಸೂರಿನ ಕೆಳಗೆ ಬಾಳಬೇಕಾದರೆ ಪ್ರತಿಯೊಬ್ಬನೂ ತನಗೆ ಸರಿಯೆಂದು ತೋರಿದ ನೆಲೆಯಿಂದ ಎಳ್ಳಷ್ಟಾದರೂ ಸರಿದುಕೊಳ್ಳಬೇಕಾಗುವುದು. ಹೀಗೆ ಸರಿಯುವುದು ಧರ್ಮವೋ, ಧರ್ಮಲೋಪವೋ? ಸತ್ಯವು ಕೂದಲೆಳೆಯಷ್ಟು ಬಾಗಿದರೂ ಅಸತ್ಯವೇ ಎಂದು ಒಂದು ಪಕ್ಷದವರು ಹೇಳುವರು. ಬಾಗದ ಮರ ಬಿರುಗಾಳಿಗೆ ಮುರಿಯುವುದು, ಆದುದರಿಂದ ಕಾಲವರಿತು ಬಾಗುವುದೇ ವಿವೇಕ ಎಂದು ಇನ್ನೊಂದು ಪಕ್ಷ. ಉಪದೇಶಕ್ಕೆ ಎರಡೂ ಸುಲಭ. ಆಚರಣೆಗೆ ಬಂದಾಗ ಮೊದಲನೆಯದು ಮನೆಯನ್ನು ಒಡೆಯುವುದು, ಎರಡನೆಯದು ಮನುಷ್ಯನನ್ನು ಕೆಡಿಸುವುದು.

ಈ ಪ್ರಶ್ನೆಯನ್ನು ಶಾಸ್ತ್ರವಾಕ್ಯಗಳಿಂದ ಮಾತ್ರವೇ ಬಿಡಿಸಲು ಹೊರಟರೆ ವಾದವು ಬೆಳೆಯುವುದಲ್ಲದೆ ನಿರ್ಣಯ ದೊರೆಯದು. ಆದುದರಿಂದ ನಾನು ವಾಚಕರನ್ನು ಒಬ್ಬ ಕುಶಲಕರ್ಮಿಯ ಕಮ್ಮಟಕ್ಕೆ ಕರೆದುಕೊಂಡು ಹೋಗಬಯಸುತ್ತೇನೆ. ಆತನು ಪಾಶ್ಚಾತ್ಯರ ಆರ್ಗನ್ ಎಂಬ ಮಹಾವಾದ್ಯವನ್ನು ಕಟ್ಟುವವನು. ನಮ್ಮ ಪ್ರಶ್ನೆಯು ಅವನ ಕೆಲಸದಲ್ಲಿ ಅಂಕೆಸಂಖ್ಯೆಗಳ ರೂಪದಲ್ಲಿ ಎದುರು ನಿಲ್ಲುವುದು. ಅದನ್ನು ಬಿಡಿಸದೆ ಅವನು ಒಂದು ಕೀರ್ತನೆಗೂ ವಾದ್ಯವನ್ನು ಒಪ್ಪಿಸಲಾರನು.

ಆರ್ಗನ್ ಎಂದರೆ ಗಾಳಿಯಿಂದ ಹಾಡುವ ಕೊಳವೆಗಳ ಸಮೂಹ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನು ನೀರಿನ ಒತ್ತಡದಿಂದ ಗಾಳಿಯನ್ನು ಸಮಗೊಳಿಸಿ ಕೊಳವೆಗಳನ್ನು ನುಡಿಸಿದನು. ಅದೇ ಈ ವಾದ್ಯದ ಮೂಲಪುರುಷ. ಕನ್ನಡನಾಡಿನಲ್ಲಿಯೂ ಇದು ಅಪರಿಚಿತವಲ್ಲ. ಬೆಂಗಳೂರಿನ ಸೇಂಟ್ ಆಂಡ್ರೂಸ್ ಇಗರ್ಜಿಯಲ್ಲಿ ಇಂತಹ ವಾದ್ಯವುಂಟು. ನಮ್ಮ ಮನೆಗಳ ಹಾರ್ಮೋನಿಯಮ್ಮು ಅದರ ಚಿಕ್ಕ ಬಂಧು. ಅದರಲ್ಲಿ ಕೊಳವೆಗಳಿಲ್ಲ, ಹಿತ್ತಾಳೆಯ ನಾಲಗೆಗಳು ಮಾತ್ರ. ಕಲ್ಪನೆಯ ಮಟ್ಟಿಗೆ ನೋಡಿದರೆ ಕಾಳಿದಾಸನೂ ಇದರ ಚಿತ್ರವನ್ನು ಕಂಡಿದ್ದನೆನ್ನಬಹುದು. ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮವಂತನು ಗುಹೆಗಳ ಬಾಯಿಂದೆದ್ದ ಗಾಳಿಯಿಂದ ಕೀಚಕವೇಣುಗಳ ರಂಧ್ರಗಳನ್ನು ತುಂಬಿ, ಹಾಡಲಿರುವ ಕಿನ್ನರರಿಗೆ ತಾನವನ್ನು ಕೊಡಬಯಸುವಂತೆ ವರ್ಣಿತನಾಗಿದ್ದಾನೆ. ಗುಹೆಯೇ ತಿದಿ, ಬಿದಿರೇ ಕೊಳವೆ, ಪರ್ವತವೇ ಶ್ರುತಿ ಹಿಡಿಯುವವನು.

ಕಟ್ಟುವವನ ಕೆಲಸವನ್ನು ಸಂಕ್ಷೇಪವಾಗಿ ಹೇಳುವೆನು. ತಿದಿಗಳಿಂದ ಬಂದ ಗಾಳಿಯನ್ನು ಒಂದೇ ಒತ್ತಡದಲ್ಲಿ ಹಿಡಿದಿಡುವ ಮರದ ಪೆಟ್ಟಿಗೆಯೊಂದಿರುವುದು. ಅದರ ಮೇಲೆ ಸಾಲುಸಾಲಾಗಿ ಕೊಳವೆಗಳು ನಿಲ್ಲುವುವು. ಕೆಲವು ತವರ ಸೀಸಗಳನ್ನು ಬೆರಸಿದ ಲೋಹದವು, ಕೆಲವು ಮರದವು. ಕೆಲವು ನಮ್ಮ ಕೊಳಲಿನಂತೆ ಅಂಚಿಗೆ ಗಾಳಿ ತಾಗಿ ನುಡಿಯುವುವು. ಕೆಲವು ಪುಂಗಿಯಂತೆ ನಾಲಗೆ ಅದುರಿ ನುಡಿಯುವುವು. ಎಂಟು ಅಡಿ ಉದ್ದದ ತೆರೆದ ಕೊಳವೆ ಯಾವ ಸ್ವರವನ್ನು ಕೊಡುವುದೋ ಅದರ ಅರ್ಧ ಉದ್ದದ್ದು ಮೇಲಣ ಸ್ಥಾಯಿಯ ಅದೇ ಸ್ವರವನ್ನು ಕೊಡುವುದು. ಕೊನೆಯನ್ನು ಮುಚ್ಚಿದರೆ ಅದೇ ಕೊಳವೆ ಒಂದು ಸ್ಥಾಯಿ ಕೆಳಗಿಳಿದು ನುಡಿಯುವುದು. ದೊಡ್ಡ ವಾದ್ಯಗಳಲ್ಲಿ 32 ಅಡಿಯ ಕೊಳವೆಯಿಂದ ಹಿಡಿದು ಕಿರುಬೆರಳಿಗಿಂತ ಚಿಕ್ಕ ಕೊಳವೆಯವರೆಗೂ ಇರುವುದುಂಟು.

ಈ ಕೆಲಸದಲ್ಲಿ ದ್ರವ್ಯವು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಮನಿಲಾ ನಗರದ ಸಮೀಪದ ಲಾಸ್ ಪಿನ್ಯಾಸ್ ಎಂಬ ಊರಿನಲ್ಲಿ ಡಿಯೆಗೊ ಸೆರಾ ಎಂಬ ಪಾದ್ರಿಯು 1816ರಲ್ಲಿ ಆರಂಭಿಸಿ 1824ರಲ್ಲಿ ಒಂದು ಆರ್ಗನ್ನನ್ನು ಮುಗಿಸಿದನು. ಅದರ 1,031 ಕೊಳವೆಗಳಲ್ಲಿ 902 ಬಿದಿರಿನವು. ಕಡಿದ ಬಿದಿರನ್ನು ಹುಳು ತಾಗದಂತೆ ಕಡಲತೀರದ ಮರಳಿನಲ್ಲಿ ಹೂತಿಟ್ಟು ಹದಗೊಳಿಸಿದರೆಂದು ಹೇಳುವರು. ಬಿದಿರನ್ನೂ ಮರವನ್ನೂ ನೀರಿನಲ್ಲಿ ಕೊಳೆಹಾಕಿ ಹದಮಾಡುವ ನಮ್ಮ ಜಿಲ್ಲೆಯವರಿಗೆ ಈ ವಿದ್ಯೆಯನ್ನು ವಿವರಿಸಬೇಕಾಗಿಲ್ಲ. ಉಳಿದ 129 ಕೊಳವೆಗಳನ್ನು ಮಾತ್ರ ಆತನು ಲೋಹದಿಂದಲೇ ಮಾಡಿಸಿದನು. ಎಲ್ಲಿ ಬಿದಿರು ಸಾಕೋ ಅಲ್ಲಿ ಬಿದಿರು, ಎಲ್ಲಿ ಸಾಲದೋ ಅಲ್ಲಿ ಲೋಹ. ಆ ವಾದ್ಯವನ್ನು 1973ರಲ್ಲಿ ಜರ್ಮನಿಗೆ ಒಯ್ದು ಜೀರ್ಣೋದ್ಧಾರ ಮಾಡಿ 1975ರಲ್ಲಿ ಮರಳಿ ತಂದರು. ಇಂದಿಗೂ ಅದು ನುಡಿಯುತ್ತಿದೆ. ಪ್ರತಿನಿಧಿದ್ರವ್ಯದ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಕೊಳವೆಗಳನ್ನು ನಿಲ್ಲಿಸಿದ ಮೇಲೆ ಶ್ರುತಿ ಕೂಡಿಸುವ ಕಾರ್ಯ. ನಿಜವಾದ ಕಷ್ಟ ಇಲ್ಲಿಯೇ. ಷಡ್ಜಕ್ಕೂ ಮೇಲಣ ಷಡ್ಜಕ್ಕೂ ಇರುವ ಪ್ರಮಾಣ 1ಕ್ಕೆ 2. ಷಡ್ಜಕ್ಕೂ ಪಂಚಮಕ್ಕೂ 2ಕ್ಕೆ 3. ಷಡ್ಜಕ್ಕೂ ಅಂತರಗಾಂಧಾರಕ್ಕೂ 4ಕ್ಕೆ 5. ಇವು ಮನುಷ್ಯರು ಮಾಡಿದ ಕಟ್ಟಳೆಗಳಲ್ಲ. ತಂತಿಯೂ ಕೊಳವೆಯೂ ತಾವಾಗಿ ಹೇಳುವ ಪ್ರಮಾಣಗಳು. ಈಗ ಒಂದು ಷಡ್ಜದಿಂದ ಹೊರಟು ಅದರ ಪಂಚಮ, ಆ ಪಂಚಮವನ್ನೇ ಷಡ್ಜವೆಂದು ತಿಳಿದು ಅದರ ಪಂಚಮ, ಹೀಗೆ ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿಗಳ ಮೇಲಣ ಷಡ್ಜಕ್ಕೆ ಬಂದು ಸೇರಬೇಕಷ್ಟೆ. ಆದರೆ ಸೇರುವುದಿಲ್ಲ. ಸ್ಥಾಯಿಗಳ ಲೆಕ್ಕದಲ್ಲಿ 5,24,288 ಬರಬೇಕಾದಲ್ಲಿ ಪಂಚಮಗಳ ಲೆಕ್ಕದಲ್ಲಿ 5,31,441 ಬರುವುದು. ಗಾಂಧಾರದ ಮೂಲಕ ಮೂರು ಹೆಜ್ಜೆ ಇಟ್ಟರೆ 128 ಬರಬೇಕಾದಲ್ಲಿ 125 ಮಾತ್ರ ಬರುವುದು. ಒಂದು ದಾರಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಪ್ರತಿಯೊಂದು ಹೆಜ್ಜೆಯೂ ಪರಿಶುದ್ಧ. ಆದರೂ ಸುತ್ತು ಕೂಡಿಬರುವುದಿಲ್ಲ.

ಈ ವ್ಯತ್ಯಾಸವನ್ನು ನಾನು ಶೇಷವೆಂದು ಕರೆಯುವೆನು. ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳುವರು. ಇದಾದರೋ ಉಳಿಸದೆ ಗತಿಯಿಲ್ಲದ ಶೇಷ. ಯಾರ ಅಜಾಗ್ರತೆಯಿಂದಲೂ ಇದು ಹುಟ್ಟಿದ್ದಲ್ಲ; ಶುದ್ಧವಾದವುಗಳನ್ನು ಒಟ್ಟಿಗೆ ಸೇರಿಸಿದ್ದರಿಂದಲೇ ಹುಟ್ಟಿದುದು. ನಮ್ಮ ಕೊಕ್ಕಡದ ಸೌತಡ್ಕದಲ್ಲಿ ಮಹಾಗಣಪತಿಯು ಗುಡಿಯಿಲ್ಲದೆ ಬಯಲಿನಲ್ಲಿಯೇ ಕುಳಿತಿದ್ದಾನೆ. ಭಕ್ತರು ಹರಕೆಯಾಗಿ ಒಪ್ಪಿಸಿದ ಗಂಟೆಗಳು ಅಲ್ಲಿ ಸಾಲಾಗಿ ತೂಗುತ್ತಿವೆ. ಪ್ರತಿಯೊಂದಕ್ಕೂ ಅದರದೇ ನಾದ. ಒಂದನ್ನು ಇನ್ನೊಂದಕ್ಕೆ ಹೊಂದಿಸಬೇಕೆಂದು ಯಾರೂ ಬಯಸುವುದಿಲ್ಲ. ಅಲ್ಲಿ ಶೇಷದ ಪ್ರಶ್ನೆಯೇ ಇಲ್ಲ, ಏಕೆಂದರೆ ಗಂಟೆಗಳು ಕೂಡಿ ಒಂದು ಗಾನವನ್ನು ಹಾಡಬೇಕಾಗಿಲ್ಲ. ಹರಕೆ ಒಬ್ಬೊಬ್ಬನದು; ಸಂಸಾರವಾದರೋ ಎಲ್ಲರದು. ಕೂಡಿ ಹಾಡಬೇಕೆಂದ ಕೂಡಲೆ ಶೇಷವು ಬಂದು ಬಾಗಿಲಲ್ಲಿ ನಿಲ್ಲುವುದು. ಅದನ್ನು ಎಲ್ಲಿಡುವುದೆಂಬುದೇ ಕಟ್ಟುವವನ ಚಿಂತೆ.

ಯೂರೋಪಿನಲ್ಲಿ ಬಹುಕಾಲ ನಡೆದುಬಂದ ಕ್ರಮವೊಂದುಂಟು. ಹೆಚ್ಚಾಗಿ ಬಳಕೆಯಲ್ಲಿರುವ ಮೇಳಗಳ ಗಾಂಧಾರಗಳು ನಿಷ್ಕಳಂಕವಾಗಿರಲೆಂದು ಹನ್ನೊಂದು ಪಂಚಮಗಳನ್ನು ಅಗತ್ಯಕ್ಕಿಂತ ಕೊಂಚ ಹೆಚ್ಚಾಗಿ ಕುಗ್ಗಿಸುವರು. ಎಂಟು ಗಾಂಧಾರಗಳು ಅಮೃತದಂತೆ ಸಿಹಿಯಾಗುವುವು. ಆದರೆ ಹನ್ನೊಂದರಲ್ಲಿ ಕುಗ್ಗಿಸಿದುದೆಲ್ಲ ಹನ್ನೆರಡನೆಯ ಪಂಚಮದಲ್ಲಿ ಬಂದು ಸೇರಿ, ಅದು ಅರ್ಧಸ್ವರದ ಮೂರನೆಯ ಒಂದಂಶಕ್ಕಿಂತಲೂ ಹೆಚ್ಚಾಗಿ ಉಬ್ಬಿ, ಮುಟ್ಟಿದೊಡನೆ ಊಳಿಡುವುದು. ಆ ದೇಶದ ಕರ್ಮಿಗಳು ಅದಕ್ಕೆ ತೋಳವೆಂದೇ ಹೆಸರಿಟ್ಟಿದ್ದಾರೆ. ತೋಳವನ್ನು ಮೂಲೆಯಲ್ಲಿ ಕಟ್ಟಿಹಾಕಿ, ಆ ಮೂಲೆಗೆ ಹೋಗದಂತೆ ಗಾಯಕರು ಎಚ್ಚರಿಕೆಯಿಂದ ಹಾಡುತ್ತಿದ್ದರು. ಜರ್ಮನಿಯ ಆರ್ನೋಲ್ಟ್ ಶ್ಲಿಕ್ ಎಂಬ ಕುರುಡ ವಾದಕನು 1511ರಲ್ಲಿ ಆರ್ಗನ್ ಕಟ್ಟುವವರಿಗಾಗಿ ಪುಸ್ತಕವೊಂದನ್ನು ಬರೆದನು. ಕಣ್ಣಿಲ್ಲದ ಆತನ ಕಿವಿಗೆ ಆ ಮೂಲೆಯ ನೋವು ಕೇಳಿಸಿತು. ಆ ಸ್ಥಾನದ ಸ್ವರವನ್ನು ಒಂದು ಕಡೆಗೇ ವಾಲಿಸದೆ ಎರಡು ಕಡೆಗೂ ಸ್ವಲ್ಪ ಸ್ವಲ್ಪ ಸಲ್ಲುವಂತೆ ನಡುವೆ ನಿಲ್ಲಿಸುವ ದಾರಿಯನ್ನು ಆತನು ವಿಚಾರಿಸಿದ್ದಾನೆ.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಊಳಿಡುವ ಆ ಎರಡು ಸ್ವರಗಳ ಕೊಳವೆಗಳಲ್ಲಿ ಯಾವ ದೋಷವೂ ಇಲ್ಲ. ಅದೇ ತವರ, ಅದೇ ಸೀಸ, ಅದೇ ಕೈಯ ಕೆಲಸ. ಬೇರೆ ಸ್ವರಗಳ ಜೊತೆಯಲ್ಲಿ ನುಡಿಸಿದರೆ ಆ ಕೊಳವೆಗಳೇ ಮಧುರವಾಗಿ ನುಡಿಯುವುವು. ಉಳಿದ ಹನ್ನೊಂದರ ಕೊರತೆಯನ್ನು ಅವುಗಳ ನಡುವೆ ತಂದು ಸುರಿದಿದ್ದೇ ಊಳಿಗೆ ಕಾರಣ. ಆದರೂ ಕೇಳುವವರು ಹೇಳುವುದೇನು? ಈ ಸ್ವರ ಕೆಟ್ಟದ್ದು ಎಂದು.

ಈ ದೃಷ್ಟಾಂತವನ್ನು ಓದಿದ ಮೇಲೆ ನಮ್ಮ ಮನೆಗಳ ಕಡೆಗೆ ಕಣ್ಣು ತಿರುಗದಿದ್ದರೆ ಓದಿ ಫಲವಿಲ್ಲ. ಮಡಿ, ಮಾನ, ಹೊತ್ತುಹೊತ್ತಿನ ಊಟ, ವಿಶ್ರಾಂತಿಗಳು ಚ್ಯುತಿಯಿಲ್ಲದೆ ನಡೆಯುವ ಸಂಸಾರವನ್ನು ಕಂಡು ನಾವು ಶ್ರುತಿಶುದ್ಧವಾದ ಮನೆಯೆಂದು ಹೊಗಳುವೆವು. ಆ ಮನೆಯ ಹನ್ನೆರಡನೆಯವರು ಯಾರೆಂದು ವಿಚಾರಿಸುವುದಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುವ ಸೊಸೆಯಾಗಿರಬಹುದು. ಹಿಂದಿನ ಕಾಲದಲ್ಲಾದರೆ ಕೇಶಮುಂಡನ ಮಾಡಿಸಿ ಮೂಲೆಗೆ ಕೂಡಿಸಿದ ಬಾಲವಿಧವೆ. ಅಂಗಳದಾಚೆ ನಿಂತು ಎತ್ತರದಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿಯುತ್ತಿದ್ದ ಆಳು. ಉಳಿದವರ ಶುದ್ಧಿಯ ಶೇಷವೆಲ್ಲವೂ ಅವರ ಪಾಲಿಗೆ ಬಿತ್ತು. ಅವರಲ್ಲಿ ಒಬ್ಬರು ಒಂದು ದಿನ ದನಿಯೆತ್ತಿದರೆ ಮನೆಯ ಶ್ರುತಿ ಇವರಿಂದಲೇ ಕೆಟ್ಟಿತೆಂದು ಹೇಳುವವರು ಇಂದಿಗೂ ಕಡಮೆಯಿಲ್ಲ. ಕೊಳವೆಯ ತಪ್ಪಲ್ಲ, ಕಟ್ಟಿದವನ ಹಂಚಿಕೆಯ ತಪ್ಪು ಎಂದು ತಿಳಿಯುವುದಕ್ಕೆ ಕಿವಿಯಿದ್ದರೆ ಸಾಲದು, ಲೆಕ್ಕವೂ ತಿಳಿದಿರಬೇಕು.

ಅಡಿಕೆತೋಟದ ಒಡೆಯರಿಗೆ ಇದೇ ಲೆಕ್ಕ ಬೇರೆ ರೂಪದಲ್ಲಿ ಪರಿಚಿತವಾಗಿದೆ. ಬೇಸಗೆಯಲ್ಲಿ ತೋಡಿಗೆ ಕಟ್ಟ ಕಟ್ಟಿ ಸರದಿಯಂತೆ ನೀರನ್ನು ತಿರುಗಿಸುವ ಪದ್ಧತಿಯುಂಟಷ್ಟೆ. ನೀರು ಹನ್ನೆರಡು ತೋಟಗಳಿಗೆ ಸ್ವಲ್ಪ ಸಾಲದು. ಮೇಲಿನ ಹನ್ನೊಂದು ತೋಟದವರು ತಮ್ಮ ನ್ಯಾಯವಾದ ಪಾಲನ್ನು, ಒಂದು ಬಿಂದುವೂ ಹೆಚ್ಚಿಲ್ಲದೆ, ಪೂರ್ಣವಾಗಿ ತೆಗೆದುಕೊಂಡರೆ ಕೊನೆಯ ತೋಟದ ಮರಗಳು ಸೋಗೆ ಇಳಿಬಿಟ್ಟು ಒಣಗುವುವು. ಹನ್ನೊಂದು ಮಂದಿಯಲ್ಲಿ ಕಳ್ಳನು ಒಬ್ಬನೂ ಇಲ್ಲ. ಆದರೂ ಅನ್ಯಾಯ ನಡೆದಿದೆ. ಪ್ರತಿಯೊಬ್ಬನೂ ತನ್ನ ಪಾಲಿನಲ್ಲಿ ಹನ್ನೆರಡರಲ್ಲಿ ಒಂದಂಶದ ಕೊರತೆಯನ್ನು ಹೊತ್ತರೆ ಯಾವ ತೋಟವೂ ಸಾಯುವುದಿಲ್ಲ.

ಶೇಷಕ್ಕೆ ಇನ್ನೊಂದು ಪರಿಹಾರವೂ ಉಂಟು. ಅದು ವೆಚ್ಚದ ಪರಿಹಾರ. ಒಂದೇ ಸ್ವರವು ಎರಡು ಕಡೆಗೆ ಸಲ್ಲಲಾರದಿದ್ದರೆ ಎರಡು ಸ್ವರಗಳನ್ನೇ ಇಡುವುದು. ಲಂಡನ್ನಿನ ಟೆಂಪಲ್ ಚರ್ಚಿಗೆ 17ನೆಯ ಶತಮಾನದ ಕೊನೆಯಲ್ಲಿ ಬರ್ನಾರ್ಡ್ ಸ್ಮಿತ್ ಎಂಬವನು ಕಟ್ಟಿದ ವಾದ್ಯದಲ್ಲಿ ಕೆಲವು ಕಪ್ಪು ಮನೆಗಳನ್ನು ಸೀಳಿ ಎರಡು ಮಾಡಿ, ಎರಡಕ್ಕೂ ಬೇರೆ ಬೇರೆ ಕೊಳವೆಗಳನ್ನು ಇಟ್ಟಿದ್ದನು. ಖರ್ಚು ಹೆಚ್ಚು, ಬೆರಳುಗಳಿಗೆ ಶ್ರಮವೂ ಹೆಚ್ಚು. ಆದರೆ ತೋಳವು ಅಷ್ಟರಮಟ್ಟಿಗೆ ಹಿಂಜರಿಯಿತು. ಎಷ್ಟೋ ಮನೆಗಳಲ್ಲಿ ಧರ್ಮಸಂಕಟವೆಂದು ನಾವು ಕರೆಯುವುದು ಕೇವಲ ಲೋಭವಾಗಿರುವುದುಂಟು. ಮುದುಕರ ಆರೈಕೆಗೆ ಒಬ್ಬ ಕೆಲಸದವರನ್ನು ಇಟ್ಟರೆ ತೀರುವ ಪ್ರಶ್ನೆಗೆ ನಾವು ತ್ಯಾಗದ ಮಹಿಮೆಯನ್ನು ಉಪದೇಶಿಸುವೆವು. ಆ ತ್ಯಾಗವನ್ನು ಮಾಡಬೇಕಾದವರು ಮಾತ್ರ ಬೇರೆಯವರು.

ಕೊನೆಗೆ ಲೋಕದಲ್ಲಿ ಹೆಚ್ಚಾಗಿ ಪ್ರಚಾರಕ್ಕೆ ಬಂದ ಕ್ರಮವೆಂದರೆ ಸಮವಿಭಾಗ. ಹನ್ನೆರಡು ಪಂಚಮಗಳೂ ಸಮನಾಗಿ ಕುಗ್ಗುವುವು. ಒಂದೊಂದರ ಪಾಲಿಗೆ ಬರುವ ಕೊರತೆ ಅರ್ಧಸ್ವರದ ಐವತ್ತನೆಯ ಒಂದಂಶ ಮಾತ್ರ. ತೋಳವು ಸತ್ತಿತು. ಆದರೆ ಬೆಲೆ ಕೊಡದೆ ಸಾಯಲಿಲ್ಲ. ಗಾಂಧಾರಗಳೆಲ್ಲವೂ ಅರ್ಧಸ್ವರದ ಏಳನೆಯ ಒಂದಂಶದಷ್ಟು ಏರಿದುವು. ಹಿಂದಿನ ಆ ಅಮೃತಗಾಂಧಾರವು ಯಾವ ಮೇಳದಲ್ಲಿಯೂ ಉಳಿಯಲಿಲ್ಲ. ಶ್ರುತಿ ಕೂಡಿಸುವವನು ಈ ಕೊರತೆಯನ್ನು ಅಂದಾಜಿನಿಂದ ಬಿಡುವುದಿಲ್ಲ. ಮೊದಲು ಪಂಚಮವನ್ನು ಪೂರ್ಣಶುದ್ಧವಾಗಿ ನಿಲ್ಲಿಸುವನು. ಆಗ ಎರಡು ನಾದಗಳೂ ಒಂದಾಗಿ ನಿಶ್ಚಲವಾಗುವುವು. ಬಳಿಕ ಒಂದನ್ನು ಕೂದಲೆಳೆಯಷ್ಟು ಸರಿಸುವನು. ನಾದದಲ್ಲಿ ನಿಧಾನವಾದ ಅಲೆಯೊಂದು ಏಳುವುದು. ಮಧ್ಯಭಾಗದ ಒಂದು ಪಂಚಮದಲ್ಲಿ ಆ ಅಲೆಯು ನಾಲ್ಕು ಸೆಕೆಂಡಿಗೆ ಸುಮಾರು ಮೂರು ಬಾರಿ ಏಳಬೇಕು. ಅವನು ಕಿವಿಗೊಟ್ಟು ಎಣಿಸುವನು. ಶುದ್ಧವಾದುದು ಯಾವುದೆಂದು ಮೊದಲು ಕೇಳಿ ತಿಳಿಯದೆ ಅದರಿಂದ ಎಷ್ಟು ಸರಿಯಬೇಕೆಂಬುದನ್ನು ಅಳೆಯುವಂತಿಲ್ಲ. ಸಂಧಾನಕ್ಕೂ ಅಪಶ್ರುತಿಗೂ ಇರುವ ಭೇದವು ಇಲ್ಲಿಯೇ. ಅಪಶ್ರುತಿಯು ತಿಳಿಯದೆ ನುಸುಳಿದ ತಪ್ಪು, ಅಥವಾ ತಿಳಿದೂ ಮುಚ್ಚಿದ ತಪ್ಪು. ಸಂಧಾನವು ಸತ್ಯವನ್ನು ಕಿವಿಯಲ್ಲಿಟ್ಟುಕೊಂಡು, ಎಲ್ಲರ ಸಲುವಾಗಿ, ಎಣಿಸಿ ಇಟ್ಟ ಕೊರತೆ.

ಈ ಸಮವಿಭಾಗದ ಶ್ರುತಿಯು ಹಾರ್ಮೋನಿಯಮ್ಮಿನ ಮೂಲಕ ನಮ್ಮ ದೇಶಕ್ಕೂ ಬಂದಿತು. ಯಕ್ಷಗಾನದಲ್ಲಿ ಹಿಂದೆ ಸೋರೆಬುರುಡೆಯ ಪುಂಗಿಯು ಹಿಡಿಯುತ್ತಿದ್ದ ಶ್ರುತಿಯನ್ನು ಅನಂತರ ಪೆಟ್ಟಿಗೆಯು ವಹಿಸಿಕೊಂಡಿತು. ಭಾಗವತರು ತಮ್ಮ ಶ್ರುತಿಯನ್ನು ಬಿಳಿ ನಾಲ್ಕು, ಕಪ್ಪು ಎರಡು ಎಂದು ಅದರ ಮನೆಗಳಿಂದಲೇ ಹೇಳುವಂತಾಯಿತು. ನಮ್ಮ ರಾಗಗಳ ಸೂಕ್ಷ್ಮಸ್ವರಗಳು ಅದರಲ್ಲಿ ಸಾಯುವುವೆಂದು ರವೀಂದ್ರನಾಥ ಠಾಕೂರರೂ ಇತರ ರಸಿಕರೂ ಆಕ್ಷೇಪಿಸಿದರು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ನಿಷೇಧಿಸಿತು. 1971ರಲ್ಲಿ ಆ ನಿರ್ಬಂಧವು ಸಡಿಲವಾಯಿತು. ಆದರೆ ಈ ಚರ್ಚೆಯನ್ನು ಪರದೇಶದಿಂದ ಬಂದ ಪೀಡೆಯೆಂದು ತಿಳಿಯಲಾಗದು. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದ ರಾಮಾಮಾತ್ಯನು ಇದನ್ನೇ ಎದುರಿಸಿದನು. ಒಂದೇ ರಾಗಕ್ಕೆ ಮೆಟ್ಟಿಲುಗಳನ್ನು ಹೊಂದಿಸಿದ ವೀಣೆ ಒಂದು. ಎಲ್ಲ ರಾಗಗಳಿಗೂ ಸಲ್ಲುವಂತೆ ಮೆಟ್ಟಿಲುಗಳನ್ನು ಸ್ಥಿರವಾಗಿ ನಿಲ್ಲಿಸಿದ ವೀಣೆ ಇನ್ನೊಂದು. ಎರಡನೆಯದರಲ್ಲಿ ಪ್ರತಿಯೊಂದು ಸ್ವರಭೇದಕ್ಕೂ ಮೆಟ್ಟಿಲನ್ನಿಡಲು ಸ್ಥಳವಿಲ್ಲ. ಆದುದರಿಂದ ಆತನು ಅಂತರಗಾಂಧಾರಕ್ಕೆ ಅದರ ಸಮೀಪದ ಚ್ಯುತಮಧ್ಯಮಗಾಂಧಾರವನ್ನೂ, ಕಾಕಲಿನಿಷಾದಕ್ಕೆ ಚ್ಯುತಷಡ್ಜನಿಷಾದವನ್ನೂ ಪ್ರತಿನಿಧಿಯೆಂದು ಒಪ್ಪಿದನು.

ಪ್ರತಿನಿಧಿ ಎಂಬುದು ಮೀಮಾಂಸಾಶಾಸ್ತ್ರದ ಮಾತು. ಪಾಠಶಾಲೆಯಲ್ಲಿ ಆರನೆಯ ಅಧ್ಯಾಯದ ಆ ಅಧಿಕರಣಗಳನ್ನು ಓದುವಾಗ ಅದು ಯಜ್ಞಶಾಲೆಯ ಅಡಚಣೆಗಳ ಚರ್ಚೆಯೆಂದೇ ಕಾಣುವುದು. ವಯಸ್ಸು ಮಾಗಿದ ಮೇಲೆ ಅದು ಇಡೀ ಲೋಕವ್ಯವಹಾರದ ಶಾಸ್ತ್ರವೆಂದು ತೋರುವುದು. ನಿತ್ಯಕರ್ಮದಲ್ಲಿ ವ್ರೀಹಿ ದೊರೆಯದಿದ್ದರೆ ಕರ್ಮವನ್ನು ಬಿಡಬೇಕೇ? ಬೇಡ, ವ್ರೀಹಿಗೆ ಸದೃಶವಾದ ನೀವಾರದಿಂದ ಮಾಡಬಹುದು. ಆದರೆ ಅದೇ ಜೈಮಿನಿಯು ಎಲ್ಲೆಯನ್ನೂ ಹಾಕಿದ್ದಾನೆ. ದೇವತೆಗೆ ಪ್ರತಿನಿಧಿಯಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ, ಕ್ರಿಯೆಗಿಲ್ಲ. ಅಕ್ಕಿಯ ಬದಲು ಕಾಡಕ್ಕಿ ಸಲ್ಲಬಹುದು, ಇಂದ್ರನಿಗೆ ಕೊಡಬೇಕಾದುದನ್ನು ಇನ್ನೊಬ್ಬರಿಗೆ ಕೊಟ್ಟು ಇಂದ್ರನಿಗೆ ಸಂದಿತೆನ್ನುವಂತಿಲ್ಲ. ಲಾಸ್ ಪಿನ್ಯಾಸಿನ ಪಾದ್ರಿಯು ಮೀಮಾಂಸೆಯನ್ನು ಓದಿದವನಲ್ಲ. ಆದರೂ ತವರಕ್ಕೆ ಬಿದಿರನ್ನು ಪ್ರತಿನಿಧಿಯಾಗಿಟ್ಟನು; ನಾದಕ್ಕೆ ಪ್ರತಿನಿಧಿಯನ್ನಿಡಲಿಲ್ಲ.

ಶ್ರುತಿಯ ವಿಷಯದಲ್ಲಿಯೂ ಹೀಗೆಯೇ. ಇಲ್ಲಿ ಹೇಳಿದ ಕ್ರಮಗಳಲ್ಲಿ ಪಂಚಮ ಸರಿಯುವುದು, ಗಾಂಧಾರ ಸರಿಯುವುದು. ಷಡ್ಜಕ್ಕೂ ಮೇಲಣ ಷಡ್ಜಕ್ಕೂ ಇರುವ ಒಂದಕ್ಕೆರಡರ ಸಂಬಂಧವನ್ನು ಮಾತ್ರ ಕಟ್ಟುವವನು ಮುಟ್ಟುವುದಿಲ್ಲ. ಅದೊಂದು ಅಚಲವಾಗಿರುವುದರಿಂದಲೇ ಉಳಿದವುಗಳ ಸರಿಯುವಿಕೆಗೆ ಅಳತೆಯುಂಟು. ಎಲ್ಲದರಲ್ಲಿಯೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕೆನ್ನುವವನಿಗೆ ತಾನು ಎಷ್ಟು ಬಿಟ್ಟುಕೊಟ್ಟೆನೆಂಬುದೇ ತಿಳಿಯದು. ಮನೆಯಲ್ಲಿ ಊಟದ ಹೊತ್ತು ಸರಿಯಬಹುದು, ಹಬ್ಬದ ಕ್ರಮ ಸರಿಯಬಹುದು, ಹಿರಿಯರ ಮಾತು ಕಿರಿಯರ ಅನುಕೂಲಕ್ಕೆ ಬಾಗಬಹುದು. ಕೊಟ್ಟ ಮಾತು, ದುರ್ಬಲರ ಮೇಲೆ ಕೈಯೆತ್ತದಿರುವುದು, ಪರರ ಸ್ವತ್ತನ್ನು ಮುಟ್ಟದಿರುವುದು, ಇವು ದೇವತೆಯ ಸ್ಥಾನದಲ್ಲಿರುವುವು. ಇವಕ್ಕೆ ನೀವಾರವಿಲ್ಲ.

ಇನ್ನು ಪೂರ್ವಪಕ್ಷದ ಒಂದು ಆಕ್ಷೇಪ ಉಳಿಯುವುದು. ತಂಬೂರಿಯ ಮುಂದೆ ಕುಳಿತ ಗಾಯಕನು ಯಾವ ಸಂಧಾನವನ್ನೂ ಮಾಡದೆ ಶುದ್ಧಗಾಂಧಾರವನ್ನೇ ಹಾಡುವನಲ್ಲವೆ. ಮನುಷ್ಯನೇಕೆ ಹಾಗೆ ಬಾಳಬಾರದು? ಆಕ್ಷೇಪವು ಯುಕ್ತವಾದುದು. ಗಾಯಕನು ಒಂದೇ ಆಧಾರಷಡ್ಜವನ್ನು ಹಿಡಿದಿರುವನು. ಅವನ ಕಂಠವು ಸ್ಥಿರವಾದ ಕೊಳವೆಯಲ್ಲ. ಕ್ಷಣಕ್ಷಣಕ್ಕೂ ಕೇಳಿ ತಿದ್ದಿಕೊಳ್ಳಬಲ್ಲುದು. ಕೊಳವೆಯಾದರೋ ಒಮ್ಮೆ ಕಡಿದು ನಿಲ್ಲಿಸಿದ ಮೇಲೆ ಯಾರು ಬಂದರೂ ಅದನ್ನೇ ನುಡಿಯುವುದು. ಕಾನೂನು, ಮನೆಯ ಕಟ್ಟಳೆ, ಊರಿನ ನಡವಳಿ, ಶಾಲೆಯ ನಿಯಮ, ಇವೆಲ್ಲ ಕೊಳವೆಗಳು. ಎದುರಿಗೆ ನಿಂತವರ ಮುಖವನ್ನು ನೋಡಿ ಸರಿದುಕೊಳ್ಳುವ ಶಕ್ತಿ ಅವಕ್ಕಿಲ್ಲ. ಆದಕಾರಣ ಅವುಗಳನ್ನು ಕಟ್ಟುವಾಗಲೇ ಶೇಷವನ್ನು ಎಣಿಸಿ ಎಲ್ಲರಿಗೂ ಹಂಚಿಡಬೇಕು. ಮನುಷ್ಯನ ಸ್ವಂತ ನಡತೆಯಾದರೋ ಕಂಠ. ಅಲ್ಲಿ ಅವನು ಶುದ್ಧಗಾಂಧಾರವನ್ನೇ ಸಾಧಿಸಲಿ. ಲೋಕದಲ್ಲಿ ನಡೆಯುವುದು ಇದಕ್ಕೆ ವಿಪರೀತ. ಕಟ್ಟಳೆಗಳಲ್ಲಿ ಕೂದಲೆಳೆಯಷ್ಟು ಸಡಿಲಿಕೆಯನ್ನೂ ಒಪ್ಪದೆ, ಸ್ವಂತ ನಡತೆಗೆ ಮಾತ್ರ ಕಾಲ ಕೆಟ್ಟಿತೆಂದು ಹೇಳಿ ಬೇಕಾದಷ್ಟು ಸಡಿಲಿಕೆಯನ್ನು ತೆಗೆದುಕೊಳ್ಳುವವರೇ ಹೆಚ್ಚು. ಅಂಥವರ ಕಟ್ಟಳೆಯಿಂದ ತೋಳ ಹುಟ್ಟುವುದು, ನಡತೆಯಿಂದ ಅಪಶ್ರುತಿ.

ಆದುದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಕೂಡಿ ಬಾಳುವಲ್ಲಿ ಸರಿಯುವುದು ಧರ್ಮಲೋಪವಲ್ಲ. ತಾನು ಸರಿಯದೆ ತನ್ನ ಶೇಷವನ್ನು ಇನ್ನೊಬ್ಬರ ಮೇಲೆ ಸುರಿಯುವುದೇ ಧರ್ಮಲೋಪ. ತನ್ನ ಮನೆಯ ಶುದ್ಧಿಯನ್ನು ಕುರಿತು ಸಂತೋಷಪಡುವ ಗೃಹಸ್ಥನು ಒಂದು ಸಾಯಂಕಾಲ ಸುಮ್ಮನೆ ಕುಳಿತು, ಹನ್ನೆರಡನೆಯ ಸ್ವರ ಯಾರದೆಂದು ಕಿವಿಗೊಟ್ಟು ಕೇಳಲಿ. ಊಳು ಕೇಳಿಸಿದರೆ ಆ ಕೊಳವೆಯನ್ನು ನಿಂದಿಸದೆ, ಉಳಿದ ಹನ್ನೊಂದನ್ನು ಸರಿಸಲು ತೊಡಗಲಿ. ತನ್ನಿಂದಲೇ ತೊಡಗಿದರೆ ಒಳ್ಳೆಯದು.